ಅಮ್ಮನ ಜೊತೆ ಕೂತು ಗಿರವಿ ಅಂಗಡಿ ನೋಡೋದು

ಹೋದ ವಾರ ಊರಿಗೆ ಹೋಗಿದ್ದೆ. ರಾತ್ರಿ ಊಟ ಆದ್ಮೇಲೆ ಅಮ್ಮ ಪಾತ್ರೆ ತೊಳ್ದು, ಸೆರಗಲ್ಲಿ ಕೈ ಒರೆಸ್ಕೊಂಡು ಬಂದು ಪಕ್ಕದಲ್ಲಿ ಕೂತು, "ಆ ಬೋಳು ತಲೆಯವ್ನ ಅಂಗಡಿ ಹಾಕೇ" ಅಂದ್ಲು. ಬೋಳು ತಲೆಯವ್ನು ಅಂದ್ರೆ ರಿಕ್ ಹ್ಯಾರಿಸನ್, ಅಂಗಡಿ ಅಂದ್ರೆ ಅಮೆರಿಕದ ಲಾಸ್ ವೇಗಸ್‌ನಲ್ಲಿರೋ ಗೋಲ್ಡ್ ಅಂಡ್ ಸಿಲ್ವರ್ ಪಾನ್ ಶಾಪ್, ಶೋ ಹೆಸರು ಪಾನ್ ಸ್ಟಾರ್ಸ್, ಪಾನ್ ಅಂದ್ರೆ ಇಂಗ್ಲಿಷಲ್ಲಿ ಗಿರವಿ. 2009ರ ಜುಲೈನಲ್ಲಿ ಹಿಸ್ಟರಿ ಚಾನಲ್‌ನಲ್ಲಿ ಶುರುವಾಗಿದ್ದು. ನಾನು ಕಾಲೇಜಲ್ಲಿದ್ದಾಗ ಹಾಸ್ಟೆಲ್ ಟಿವಿಲಿ ನೋಡೋಕೆ ಶುರು ಮಾಡ್ದೆ, ಈಗ ಫೋನಲ್ಲೇ ತುಣುಕು ತುಣುಕಾಗಿ ಸಿಗುತ್ತೆ, ಅದನ್ನ ಟಿವಿಗೆ ಹಾಕಿ ನಾನು ಕನ್ನಡದಲ್ಲಿ ಹೇಳ್ತಾ ಹೋಗ್ತೀನಿ, ಅಮ್ಮ ಕೇಳಿಸ್ಕೊಂಡು ನೋಡ್ತಾಳೆ. ಮೂರು ವರ್ಷದಿಂದ ಇದು ನಮ್ಮಿಬ್ಬರ ಅಭ್ಯಾಸ.

ಅಷ್ಟೊಂದು ಏನಿದೆ ಅದರಲ್ಲಿ ಅಂತ ಫ್ರೆಂಡ್ಸ್ ಕೇಳ್ತಾರೆ. ಹಳೇ ಸಾಮಾನು ತರ್ತಾರೆ, ಚೌಕಾಸಿ ಮಾಡ್ತಾರೆ, ಹೋಗ್ತಾರೆ, ಅಷ್ಟೇ ಅಲ್ವಾ ಅಂತಾರೆ. ಅವ್ರು ಯಾರೂ ಗಿರವಿ ಅಂಗಡಿ ಕೌಂಟರ್ ಮುಂದೆ ನಿಂತಿಲ್ಲ ಅನ್ಸುತ್ತೆ. ನಾನು ನಿಂತಿದ್ದೀನಿ.

ನಮ್ಮೂರು ಶ್ರೀನಿವಾಸಪುರ ತಾಲ್ಲೂಕು, ಮಾವು ಟೊಮ್ಯಾಟೊ ನಂಬ್ಕೊಂಡಿರೋ ಮನೆ. ಟೊಮ್ಯಾಟೊ ಅಂದ್ರೆ ಗೊತ್ತಲ್ಲ, ಸಸಿ, ಕಡ್ಡಿ, ದಾರ, ಔಷಧಿ, ಕೂಲಿ ಅಂತ ಕೈಯಿಂದ ದುಡ್ಡು ಮೊದ್ಲು ಹೋಗ್ಬೇಕು, ಬರೋದು ಆಮೇಲೆ, ಬಂದ್ರೆ. ಆ ದುಡ್ಡು ಬರ್ತಿದ್ದಿದ್ದು ಅಮ್ಮನ ಎರಡು ಬಳೆಯಿಂದ. ನಾಟಿಗೆ ಮುಂಚೆ ಬಳೆ ಕೋಲಾರಕ್ಕೆ ಹೋಗೋದು, ಬೆಳೆ ಮಂಡಿಗೆ ಹೋದ್ಮೇಲೆ ಬಳೆ ಮನೆಗೆ ಬರೋದು. ನಮ್ಮನೇಲಿ ಕಾಲ ಲೆಕ್ಕ ಹಾಕ್ತಿದ್ದಿದ್ದೇ ಹಂಗೆ, ಬಳೆ ಇರೋ ತಿಂಗಳು, ಬಳೆ ಇಲ್ಲದ ತಿಂಗಳು.

ಅಪ್ಪ ಯಾವತ್ತೂ ಹೋಗ್ತಿರ್ಲಿಲ್ಲ, ಅಮ್ಮನೇ ಹೋಗ್ಬೇಕು, ನನ್ನನ್ನ ಕರ್ಕೊಂಡು. ಹೆಣ್ಣುಮಗೂನ ಕರ್ಕೊಂಡು ಹೋದ್ರೆ ಒಡವೆ ಕೊಳ್ಳೋಕೆ ಹೋಗ್ತಾವ್ರೆ ಅಂತ ನೋಡ್ದೋರು ಅನ್ಕೋತಾರೆ ಅಂತ. ಇದನ್ನ ಅವ್ಳು ನನಗೆ ಹೇಳಿದ್ದು ಮೊನ್ನೆ ಮೊನ್ನೆ. ಆಗ ನನಗೆ ಬಸ್ಸಲ್ಲಿ ಕಿಟಕಿ ಸೀಟು ಸಿಗೋದು, ವಾಪಸ್ ಬರೋವಾಗ ಕೋಲಾರಮ್ಮನ ಗುಡಿಗೆ ಹೋಗೋದು, ಅಷ್ಟೇ ಗೊತ್ತಿದ್ದಿದ್ದು. ಕ್ಲಾಕ್ ಟವರ್ ಹತ್ರ ಇಳ್ದು ಅಮ್ಮ ಒಂದ್ಸಲ ಆ ಕಡೆ ಈ ಕಡೆ ನೋಡೋಳು, ಸೆರಗು ಭುಜದ ಮೇಲೆ ಎಳ್ಕೊಳ್ಳೋಳು, ಸರಸರ ನಡ್ಯೋಳು. ನಾನು ಹಿಂದೆ ಓಡ್ತಿದ್ದೆ.

ಸೇಟು ಅಂಗಡೀಲಿ ಗಲ್ಲಾ ಮುಂದೆ ಕಬ್ಬಿಣದ ಜಾಲರಿ. ಜಾಲರಿ ಕೆಳಗೆ ಒಂದು ಕೈ ಹಿಡಿಯೋ ಅಷ್ಟು ಸಂದು. ಒಳಗೆ ಬಿಳೀ ಹಾಸಿಗೆ ಮೇಲೆ ದೊಡ್ಡ ಸೇಟು, ಪಕ್ಕದಲ್ಲಿ ಮಗ, ಸಂಜೆ ಹೊತ್ತಾದ್ರೆ ಸ್ಕೂಲ್ ಬ್ಯಾಗ್ ಹಾಕ್ಕೊಂಡೇ ಬಂದು ಕೂರೋ ಮೊಮ್ಮಗ. ಅಮ್ಮ ಬಳೆ ಕಳಚೋಳು, ಅದು ಸುಲಭಕ್ಕೆ ಬರ್ತಿರ್ಲಿಲ್ಲ, ಹೆಬ್ಬೆರಳು ಒಳಗೆ ಮಡಚಿ ತಿರುವಿ ತಿರುವಿ ಎಳೀಬೇಕು, ಕೈ ಮೇಲೆ ಕೆಂಪು ಗೆರೆ ಬೀಳೋದು. ಆ ಸಂದಲ್ಲಿ ಒಳಗೆ ತಳ್ಳಿದ್ರೆ ದೊಡ್ಡ ಸೇಟು ಒಂದು ಕರೀ ಕಲ್ಲು ತಗೊಂಡು ಬಳೆ ಅಂಚನ್ನ ಅದರ ಮೇಲೆ ಎರಡು ಸಲ ಉಜ್ಜೋರು. ಹಳದಿ ಗೆರೆ ಬೀಳೋದು. ಅದರ ಮೇಲೆ ಗಾಜಿನ ಕಡ್ಡೀಲಿ ಒಂದು ಹನಿ ಆಸಿಡ್. ಗೆರೆ ಅಳಿಸಿ ಹೋದ್ರೆ ಚಿನ್ನ ಅಲ್ಲ, ನಿಂತ್ರೆ ಚಿನ್ನ. ಪ್ರತಿ ಸಲ ಅದೇ ಬಳೆ, ಪ್ರತಿ ಸಲ ಅದೇ ಕಲ್ಲು, ಆದ್ರೂ ಪ್ರತಿ ಸಲ ಅಮ್ಮ ಆ ಗೆರೇನ ಉಸಿರು ಬಿಗಿ ಹಿಡ್ದು ನೋಡೋಳು. ಗೆರೆ ನಿಲ್ಲೋದು. ಆಮೇಲೆ ತಕ್ಕಡಿ. ಆಮೇಲೆ ಒಂದೇ ಮಾತು, "ಎಷ್ಟು ಬೇಕಮ್ಮ?"

ಅಲ್ಲಿ ಬೇರೆ ಮಾತೇ ಇಲ್ಲ. ಈ ಬಳೆ ಎಲ್ಲಿದು, ಯಾರು ಮಾಡಿಸಿದ್ದು, ಅದರ ಮೇಲಿರೋ ಹೂವಿನ ಕೆತ್ತನೆ ಯಾವ ಆಚಾರಿದು, ಯಾವುದೂ ಬೇಕಾಗಿಲ್ಲ. ತಪ್ಪು ಅಂತ ಹೇಳ್ತಿಲ್ಲ, ಅವ್ರ ಕಸುಬು ತೂಕದ್ದು, ಕರಗಿಸಿದ್ರೆ ಎಷ್ಟು ಅನ್ನೋದೇ ಲೆಕ್ಕ, ಅರಗು ಕಳೀಬೇಕು, ಕಲ್ಲು ಕಳೀಬೇಕು, ಉಳಿದಿದ್ದು ಚಿನ್ನ. ಅಮ್ಮನಿಗೂ ಹೇಳೋಕೆ ಇಷ್ಟ ಇರ್ಲಿಲ್ಲ, ಬೇಗ ಚೀಟಿ ಇಸ್ಕೊಂಡು ಹೊರಗೆ ಬಂದ್ರೆ ಸಾಕಾಗಿರೋದು.

ಈಗ ಆ ವೇಗಸ್ ಅಂಗಡಿ ನೋಡಿ. ಒಬ್ಬ ಮನುಷ್ಯ ಬಾಗಿಲು ತಳ್ಕೊಂಡು ಬರ್ತಾನೆ, ಎದೆ ಮುಂದೆ ಮಾಡ್ಕೊಂಡು, ಕೈಯಲ್ಲಿ ಒಂದು ತುಕ್ಕು ಹಿಡಿದ ಕತ್ತಿ. ಜಾಲರಿ ಇಲ್ಲ, ಗಾಜಿನ ಕೌಂಟರ್ ಮೇಲೇ ಇಡ್ತಾನೆ. ರಿಕ್ ಕೇಳೋ ಮೊದಲನೇ ಮಾತು ಏನಿದು, ಎಲ್ಲಿ ಸಿಕ್ತು ಅಂತ. ಅವ್ನು ಹೇಳ್ತಾನೆ, ನಮ್ಮ ತಾತಂದು, ಅಟ್ಟದಲ್ಲಿತ್ತು, ಸಿವಿಲ್ ವಾರ್, ಅಂದ್ರೆ ಅಮೆರಿಕದ ಅಂತರ್ಯುದ್ಧದ ಕಾಲದ್ದಂತೆ. ರಿಕ್ ಅದನ್ನ ತಿರುಗಿಸಿ ನೋಡ್ತಾನೆ, ಹಿಡಿ ಹತ್ರ ಇರೋ ಮುದ್ರೆ ತೋರಿಸ್ತಾನೆ, ಯಾವ ಕಾರ್ಖಾನೆ, ಯಾವ ಯುದ್ಧ, ಯಾಕೆ ಹಿಂಗೆ ಬಾಗಿದೆ ಅಂತ ಹೇಳ್ತಾನೆ. ಅವ್ನು ಚಿಕ್ಕೋನಿದ್ದಾಗ ಮೂರ್ಛೆ ರೋಗ ಇದ್ದು ಹಾಸಿಗೆ ಹಿಡಿದು ಪುಸ್ತಕ ಓದೋಕೆ ಶುರು ಮಾಡಿದ್ದಂತೆ, ಹತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟೋನು, ಆದ್ರೆ ಓದು ಬಿಟ್ಟಿಲ್ಲ. ಅವ್ನಿಗೆ ಗೊತ್ತಾಗ್ಲಿಲ್ಲ ಅಂದ್ರೆ ತಿಳಿದೋರನ್ನ ಕರೆಸ್ತಾನೆ, ಮಾರ್ಕ್ ಹಾಲ್-ಪ್ಯಾಟನ್ ಅಂತ ಟೋಪಿ ಗಡ್ಡದ ಒಬ್ರು ಮ್ಯೂಸಿಯಂನಿಂದ ಬರ್ತಾರೆ, ಅವ್ರು ಬಂದ್ರೆ ಅಮ್ಮ "ಮೇಷ್ಟ್ರು ಬಂದ್ರು" ಅಂತ ನೆಟ್ಟಗೆ ಕೂರ್ತಾಳೆ. ಕಥೆ ಎಲ್ಲಾ ಹೊರಗೆ ಬಂದ್ಮೇಲೇ ದುಡ್ಡಿನ ಮಾತು.

ಬೆಲೆಗಿಂತ ಮುಂಚೆ ಕಥೆ. ನನ್ನನ್ನ ಹಿಡ್ಕೊಂಡಿರೋದು ಇಷ್ಟೇ. ಕಥೆ ಕೇಳಿದ್ಮೇಲೂ ರಿಕ್ ಕಮ್ಮೀನೇ ಕೊಡ್ತಾನೆ, ಎಷ್ಟೋ ಸಲ ಅರ್ಧ ಕೊಡ್ತಾನೆ, ಆದ್ರೆ ಯಾಕೆ ಅರ್ಧ ಅಂತ ಬಿಡಿಸಿ ಹೇಳ್ತಾನೆ. ನಾನು ಇದನ್ನ ಶೆಲ್ಫ್ ಮೇಲೆ ವರ್ಷಗಟ್ಟಲೆ ಇಟ್ಕೊಂಡು ಕೂರ್ಬೇಕು, ಕೊಳ್ಳೋರು ಸಿಗ್ಬೇಕು, ಜನಕ್ಕೆ ಸಂಬಳ ಕೊಡ್ಬೇಕು ಅಂತ. ಒಪ್ಪಿದ್ರೆ ಒಪ್ಪು, ಇಲ್ಲಾಂದ್ರೆ ತಗೊಂಡು ಹೋಗು. ಎಷ್ಟೋ ಜನ ತಗೊಂಡು ಹೋಗ್ತಾರೆ ಕೂಡ. ಹೊರಗೆ ಬಂದ್ಮೇಲೆ ಕ್ಯಾಮೆರಾದವ್ರು ಅವ್ರನ್ನ ನಿಲ್ಲಿಸಿ ಮಾತಾಡಿಸ್ತಾರೆ, ಖುಷಿ ಆಯ್ತಾ, ಬೇಜಾರಾಯ್ತಾ, ಈ ದುಡ್ಡಲ್ಲಿ ಏನ್ಮಾಡ್ತೀರಾ ಅಂತ. ಮೊದಲನೇ ಸಲ ಇದನ್ನ ನಾನು ಕನ್ನಡದಲ್ಲಿ ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ನಿದ್ದು "ಹಿಂಗೆಲ್ಲಾ ಕೇಳ್ತಾರಾ?" ಅಂದ್ಲು. ನನಗೆ ಏನೂ ಹೇಳೋಕಾಗ್ಲಿಲ್ಲ.

ಇನ್ನೊಂದು, ಆ ಮನೆಯವ್ರು. ಮೂರು ತಲೆಮಾರು ಒಂದೇ ಕೌಂಟರ್ ಹಿಂದೆ. ಅಜ್ಜ ರಿಚರ್ಡ್ ಹ್ಯಾರಿಸನ್, ಎಲ್ಲರೂ ಓಲ್ಡ್ ಮ್ಯಾನ್ ಅಂತಾರೆ. ನೇವಿಲಿ 20 ವರ್ಷ ದುಡ್ದು, ಆಮೇಲೆ ಜಮೀನು ಮನೆ ವ್ಯವಹಾರದಲ್ಲಿ ಕೈ ಸುಟ್ಕೊಂಡು, 1981ರಲ್ಲಿ ಐದು ಸಾವಿರ ಡಾಲರ್ ಇಟ್ಕೊಂಡು ವೇಗಸ್‌ಗೆ ಬಂದೋನು. ಮೊದ್ಲು ಬರೀ ನಾಣ್ಯದ ಅಂಗಡಿ. ಗಿರವಿ ಲೈಸೆನ್ಸ್ ಬೇಕು ಅಂದ್ರೆ ಊರಿನ ಜನಸಂಖ್ಯೆ ಎರಡೂವರೆ ಲಕ್ಷ ಮುಟ್ಟಬೇಕು ಅಂತ ಹಳೇ ಕಾನೂನಿತ್ತಂತೆ, ರಿಕ್ ವಾರ ವಾರ ಫೋನ್ ಮಾಡಿ ಎಷ್ಟಾಯ್ತು ಎಷ್ಟಾಯ್ತು ಅಂತ ಕೇಳಿ ಕೇಳಿ, ಮುಟ್ಟಿದ ತಕ್ಷಣ ಹೋಗಿ ಅರ್ಜಿ ಹಾಕಿದ್ನಂತೆ. ಹಂಗೆ 1989ರಲ್ಲಿ ಅಪ್ಪ ಮಗ ಸೇರಿ ಈ ಅಂಗಡಿ ತೆಗೆದಿದ್ದು. ರಿಕ್ ಮಗ ಕೋರಿ, ಅವ್ನ ಬಾಲ್ಯದ ಗೆಳೆಯ ಚಮ್ಲೀ. ಅಜ್ಜ ಕುರ್ಚೀಲಿ ಕೂತು ಗೊಣಗ್ತಾನೆ, ಮೊಮ್ಮಗ ಕೇಳ್ದೆ ದುಡ್ಡು ಹಾಕಿ ಏನೋ ಕೊಂಡ್ಬಿಡ್ತಾನೆ, ರಿಕ್ ಇಬ್ಬರ ಮಧ್ಯ ಸಿಕ್ಕಾಕೊಳ್ತಾನೆ. ಇದು ನಮಗೆ ಎಷ್ಟು ಹತ್ತಿರ ಅಂದ್ರೆ, ನಮ್ಮ ಕಡೆ ಯಾವ ಬಟ್ಟೆ ಅಂಗಡಿ, ಯಾವ ಮಂಡಿಗೆ ಹೋದ್ರೂ ಇದೇ, ಯಜಮಾನ್ರು ಗಲ್ಲಾ ಬಿಡಲ್ಲ, ಮಗ ಹೊಸ ಪದ್ಧತಿ ತರ್ತೀನಿ ಅಂತಾನೆ, ಗಿರಾಕಿ ಮುಂದೇನೇ ಜಗಳ, ಗಿರಾಕಿ ಹೋದ್ಮೇಲೆ ಒಂದೇ ಡಬ್ಬಿ ಊಟ. ಓಲ್ಡ್ ಮ್ಯಾನ್ 2018ರ ಜೂನ್‌ನಲ್ಲಿ ತೀರ್ಕೊಂಡ್ರು ಅಂತ ನಾನು ಹೇಳಿದಾಗ ಅಮ್ಮ ಆವತ್ತು ಮುಂದಿನದು ಹಾಕೋಕೆ ಬಿಡ್ಲಿಲ್ಲ, "ಇವತ್ತು ಸಾಕು" ಅಂದ್ಲು.

ಅಮೆರಿಕದ್ದೇ ಡೆಟ್ರಾಯ್ಟ್ ಅನ್ನೋ ಊರಿನ ಗಿರವಿ ಅಂಗಡಿದು ಇನ್ನೊಂದು ಶೋ ಇತ್ತು, ಹಾರ್ಡ್‌ಕೋರ್ ಪಾನ್, 2010ರಲ್ಲಿ ಶುರುವಾಗಿದ್ದು. ಲೆಸ್ ಗೋಲ್ಡ್ ಅನ್ನೋ ಯಜಮಾನ, ಅವ್ನ ಮಗ, ಮಗಳು. ಅದು ಬೇರೆ ಥರ. ಕಾರ್ ಕಾರ್ಖಾನೆ ಮುಚ್ಚಿ ಮುಚ್ಚಿ ಸೊರಗಿದ ಊರು ಅದು, 2013ರಲ್ಲಿ ನಗರಾನೇ ದಿವಾಳಿ ಅರ್ಜಿ ಹಾಕ್ತು. ಅಲ್ಲಿಗೆ ಬರೋರು ಕತ್ತಿ ಹಿಡ್ಕೊಂಡು ಬರಲ್ಲ, ಬೆರಳಿನ ಉಂಗುರ ಕಳಚ್ಕೊಂಡು ಬರ್ತಾರೆ, ಕೂಗಾಡ್ತಾರೆ, ಅಳ್ತಾರೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ್ಮೇಲೆ ಕೆಜಿಎಫ್‌ನಿಂದ ದಿನಾ ಬೆಳಗ್ಗೆ ರೈಲು ಹಿಡ್ದು ಬೆಂಗಳೂರಿಗೆ ಕೆಲಸಕ್ಕೆ ಹೋಗೋರನ್ನ ನೋಡಿರೋರಿಗೆ ಆ ಮುಖಗಳು ಗೊತ್ತಾಗುತ್ತೆ. ಅದನ್ನ ಅಮ್ಮನ ಜೊತೆ ಒಂದೇ ಸಲ ನೋಡಿದ್ದು. ಒಬ್ಬ ಹೆಂಗಸು ಕೌಂಟರ್ ಮೇಲೆ ಕೈ ಬಡಿದು ಕಿರುಚ್ತಿದ್ಲು, ಸುತ್ತ ನಿಂತೋರು ನೋಡ್ತಿದ್ರು. "ಬ್ಯಾಡ ಕಣೇ, ಅವ್ಳನ್ನ ಯಾಕೆ ತೋರಿಸ್ತಾರೆ" ಅಂದ್ಲು ಅಮ್ಮ. ಆಮೇಲೆ ನಾವದನ್ನ ಹಾಕಿಲ್ಲ. ನನಗೂ ಅದು ಸರಿ ಅನ್ಸಲ್ಲ, ಕಷ್ಟದಲ್ಲಿ ಬಂದೋರ ಕೋಪ ನೋಡಿ ರಂಜನೆ ಪಡೋದು ನನ್ನ ಕೈಲಾಗಲ್ಲ.

ವೇಗಸ್ ಅಂಗಡಿ ವಿಷಯದಲ್ಲಿ ನನಗೆ ಆಮೇಲೆ ಗೊತ್ತಾದ ಒಂದು ಸಂಗತಿ ಇದೆ, ಅದು ಗೊತ್ತಾದ್ಮೇಲೆ ಶೋ ನೋಡೋ ಕಣ್ಣೇ ಬದಲಾಯ್ತು. ಟಿವಿಲಿ ಕಾಣೋ ಸಾಮಾನೆಲ್ಲಾ ಮೊದ್ಲೇ ಆರಿಸಿರೋದು, ಶೂಟಿಂಗ್‌ಗೆ ಅಂತ ಕರೆಸಿರೋರು. ಶೋ ಹೆಸರಾದ್ಮೇಲೆ ದಿನಕ್ಕೆ ನೂರು ಜನ ಬರ್ತಿದ್ದ ಕಡೆ ಸಾವಿರ ಜನ ಬರೋಕೆ ಶುರುವಾಗಿ, ಫೋಟೋ ತೆಗೆಯೋರ ಗಲಾಟೆಗೆ ರಿಕ್ ಕೋರಿ ಎಲ್ಲಾ ಕೌಂಟರಲ್ಲಿ ಕೂರೋದೇ ಕಷ್ಟ ಆಯ್ತಂತೆ, ಯಾಕಂದ್ರೆ ಗಿರವಿ ಇಡೋಕೆ ಬರೋರ ಗುಟ್ಟು ಕಾಪಾಡ್ಬೇಕು ಅನ್ನೋದು ಅಲ್ಲಿನ ಕಾನೂನು. ಅಂದ್ರೆ ನಿಜವಾಗ್ಲೂ ಗಿರವಿ ಇಡೋಕೆ ಬರೋರು, ನಮ್ಮಮ್ಮನ ಥರದೋರು, ಅವ್ರು ಆ ಅಂಗಡೀಲಿ ಇದ್ದಾರೆ, ಕ್ಯಾಮೆರಾಗೆ ಬೀಳಲ್ಲ ಅಷ್ಟೇ.

ಇದನ್ನ ಓದಿದಾಗ ನನಗೆ ಸೇಟು ಮೊಮ್ಮಗ ನೆನಪಾದ. ಪಿಯುಸಿಲಿ ಅವ್ನು ನನ್ನ ಕಾಲೇಜೇ, ಪಕ್ಕದ ಸೆಕ್ಷನ್. ಮೊದಲನೇ ದಿನ ಅವ್ನನ್ನ ನೋಡಿ ನನಗೆ ಹೊಟ್ಟೆ ಒಳಗೆ ಕಲ್ಲು ಹಾಕ್ದಂಗಾಯ್ತು, ಎಲ್ಲರಿಗೂ ಹೇಳ್ಬಿಡ್ತಾನೆ ಅಂತ. ಎರಡು ವರ್ಷ, ಒಬ್ಬರಿಗೂ ಹೇಳ್ಲಿಲ್ಲ. ಅಂಗಡೀಲಿ ನಾನು ಅಮ್ಮನ ಜೊತೆ ನಿಂತಿದ್ರೆ ಅವ್ನು ಪುಸ್ತಕದಿಂದ ತಲೆ ಎತ್ತುತಿರ್ಲಿಲ್ಲ, ಕಾಲೇಜಲ್ಲಿ ಎದುರಿಗೆ ಸಿಕ್ರೆ ಬೇರೆಯವ್ರಿಗೆ ಹೇಳೋ ಹಂಗೇ ಹಾಯ್ ಅನ್ನೋನು. ಅದನ್ನ ಅವ್ನಿಗೆ ಯಾರು ಹೇಳ್ಕೊಟ್ರೋ, ಅವ್ರ ತಾತನೇ ಇರ್ಬೇಕು. ಅವ್ನಿಗೆ ಒಂದ್ಸಲ ಥ್ಯಾಂಕ್ಸ್ ಹೇಳ್ಬೇಕಿತ್ತು, ಹೇಳ್ಲಿಲ್ಲ.

ಶೋದಲ್ಲಿ ನನಗೆ ಒಂದೇ ಕೊರತೆ. ಪ್ರತಿ ಸಲ ರಿಕ್ ಕೇಳ್ತಾನೆ, ಗಿರವಿ ಇಡ್ತೀರಾ, ಮಾರ್ತೀರಾ? ಹೆಚ್ಚು ಕಮ್ಮಿ ಎಲ್ಲರೂ ಮಾರ್ತೀನಿ ಅಂತಾರೆ. ಅಮ್ಮನಿಗೆ ಇದು ಇವತ್ತಿಗೂ ಅರಗಲ್ಲ. "ಯಾಕೆ ಮಾರ್ತವ್ನೆ, ಇಟ್ಟು ಆಮೇಲೆ ಬಿಡಿಸ್ಕೋಬೋದಲ್ಲ" ಅಂತ ಟಿವಿಗೇ ಹೇಳ್ತಾಳೆ. ಬಿಡಿಸ್ಕೊಳ್ಳೋದು ಅಲ್ಲಿ ಕಾಣೋದೇ ಇಲ್ಲ. ಆದ್ರೆ ಗಿರವಿ ಅಂಗಡೀಲಿ ನಡೆಯೋದ್ರಲ್ಲಿ ಎಲ್ಲಕ್ಕಿಂತ ಚೆನ್ನಾಗಿರೋದು ಅದೇ, ನನ್ನ ಕೇಳಿದ್ರೆ. ಬಿಡಿಸ್ಕೊಳ್ಳೋ ದಿನ ಅಮ್ಮ ಸೆರಗು ಎಳ್ಕೊಳ್ತಿರ್ಲಿಲ್ಲ. ಚೀಟಿ ಕೊಟ್ರೆ ಚಿಕ್ಕ ಸೇಟು ಒಳಗೆ ಹೋಗಿ ಬೀರುವಿಂದ ಒಂದು ಖಾಕಿ ಕವರ್ ತರೋರು, ಮೇಲೆ ನಂಬರ್, ದಾರ ಸುತ್ತಿರೋದು. ಕಣ್ಣೆದುರಿಗೇ ಬಿಚ್ಚಿ, ಮತ್ತೆ ತೂಕ ಹಾಕಿ ತೋರಿಸಿ, ಸಂದಲ್ಲಿ ಹೊರಗೆ ತಳ್ಳೋರು. ಅಮ್ಮ ಬ್ಯಾಗಿಗೆ ಹಾಕ್ಕೊಳ್ತಿರ್ಲಿಲ್ಲ. ಅಲ್ಲೇ, ಆ ಜಾಲರಿ ಮುಂದೇನೇ, ಐದು ಬೆರಳು ಕೂಡಿಸಿ ಒತ್ತಿ ಒತ್ತಿ ಕೈಗೆ ಏರಿಸ್ಕೊಳ್ಳೋಳು. ದೊಡ್ಡ ಸೇಟು "ಒಳ್ಳೇದಾಗ್ಲಮ್ಮ" ಅನ್ನೋರು. ಬಸ್ಸಲ್ಲಿ ಆವತ್ತು ಕಿಟಕಿ ಸೀಟು ಅವ್ಳದ್ದೇ, ಕೈ ಕಂಬಿ ಮೇಲೆ.

2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆಜಿ ಟೊಮ್ಯಾಟೊ ಬಾಕ್ಸು ಎರಡು ಸಾವಿರ ದಾಟಿದಾಗ ನಮ್ಮೂರಲ್ಲಿ ಯಾರು ಕಾರ್ ತಗೊಂಡ್ರು ಯಾರು ಬೋರ್ ಹಾಕ್ಸಿದ್ರು ಅಂತ ಗಂಡಸ್ರು ಮಾತಾಡಿದ್ರೆ, ಹೆಂಗಸ್ರು ಮಾತಾಡಿದ್ದು ಯಾರ್ಯಾರ ಸರ ಬಂತು ಅಂತ. ಪೇಪರಲ್ಲಿ ಅದು ಬರ್ಲಿಲ್ಲ, ಯಾವ ಟಿವಿಲೂ ಬರ್ಲಿಲ್ಲ.

ಅಮ್ಮನ ಬಳೆ ಅಷ್ಟು ದಿನ ಕಾಯ್ಲಿಲ್ಲ. ನಾನು ಎರಡನೇ ಪಿಯುಸಿ ಇದ್ದಾಗ ಬೆಲೆ ಬಿದ್ದು ಹಣ್ಣನ್ನ ಮಂಡೀಲೇ ಸುರಿದು ಬಂದ ವರ್ಷ, ಬಡ್ಡಿ ಕಟ್ಟೋಕಾಗ್ಲಿಲ್ಲ, ವಾಯಿದೆ ಮುಗೀತು, ಒಂದ್ಸಲ ಮುಂದಕ್ಕೆ ಹಾಕ್ಸಿದ್ರು, ಮತ್ತೆ ಮುಗೀತು. ಹೋಗ್ಬಿಡ್ತು. ನಮ್ಮ ರಾಜ್ಯದಲ್ಲಿ ಗಿರವಿ ಅಂಗಡಿಗೆ 1961ರಿಂದ ಕಾಯ್ದೆ ಇದೆ, ಚೀಟಿ ಕೊಡ್ಬೇಕು, ಪುಸ್ತಕ ಇಡ್ಬೇಕು, ಎಲ್ಲಾ ಇದೆ, ಆದ್ರೆ ಅಮ್ಮನಿಗೆ ಗೊತ್ತಿದ್ದಿದ್ದು ಚೀಟಿ ಮೇಲಿನ ತಾರೀಖು ಮಾತ್ರ. ಈಗ ಬ್ಯಾಂಕಿಗೂ ಗೋಲ್ಡ್ ಲೋನ್ ಕಂಪನಿಗಳಿಗೂ ರಿಸರ್ವ್ ಬ್ಯಾಂಕ್ 2025ರಲ್ಲಿ ಹೊಸ ನಿಯಮ ಮಾಡಿದೆ, ಚಿನ್ನ ಪರೀಕ್ಷೆ ಮಾಡೋವಾಗ ಸಾಲಗಾರ್ರು ಎದುರಿಗೇ ಇರ್ಬೇಕು, ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಚಿನ್ನದ ಬೆಲೇಲಿ 85 ಪರ್ಸೆಂಟ್ ತನಕ ಕೊಡ್ಬೋದು, ಸಾಲ ತೀರಿದ್ಮೇಲೆ ಏಳು ಕೆಲಸದ ದಿನದೊಳಗೆ ಒಡವೆ ವಾಪಸ್ ಕೊಡ್ಬೇಕು, ಅವ್ರ ಕಡೆಯಿಂದ ತಡ ಆದ್ರೆ ದಿನಕ್ಕೆ 5000 ರೂಪಾಯಿ ಕಟ್ಟಿಕೊಡ್ಬೇಕು, ಹರಾಜಿಗೆ ಮುಂಚೆ ತಿಳಿಸ್ಬೇಕು. ಸೇಟು ಅಂಗಡಿಗೆ ಇದು ಅನ್ವಯ ಆಗಲ್ಲ. ಆದ್ರೂ ಓದಿ ಅಮ್ಮನಿಗೆ ಹೇಳ್ದೆ. ಎದುರಿಗೇ ಪರೀಕ್ಷೆ ಮಾಡ್ಬೇಕು ಅನ್ನೋದು ಅವ್ಳಿಗೆ ಬಹಳ ಹಿಡಿಸ್ತು, "ಅದು ಸೇಟೂ ಮಾಡ್ತಿದ್ದ, ಸುಳ್ಳು ಹೇಳ್ಬಾರ್ದು" ಅಂದ್ಲು.

ಹೋದ ವಾರ ನೋಡಿದ ತುಣುಕಲ್ಲಿ ಒಂದು ಉಂಗುರ ಇತ್ತು. 2001ರ ಸೀಸನ್ ಗೆದ್ದಿದ್ದಕ್ಕೆ ಪೇಟ್ರಿಯಾಟ್ಸ್ ಅನ್ನೋ ಅಮೆರಿಕನ್ ಫುಟ್‌ಬಾಲ್ ತಂಡದೋರಿಗೆ ಕೊಟ್ಟಿದ್ದು, ಕಲ್ಲು ಕೂರಿಸಿದ ದಪ್ಪ ಉಂಗುರ. ಆ ತಂಡದ ಆಟಗಾರನೇ ಈ ಅಂಗಡೀಲಿ ಗಿರವಿ ಇಟ್ಟಿದ್ದು, ಬಿಡಿಸ್ಕೊಳ್ಳೋಕೆ ಬರ್ಲೇ ಇಲ್ಲ. ಅಮ್ಮ ಕೇಳಿದ್ಲು, "ಅಷ್ಟು ದೊಡ್ಡ ಆಟಗಾರನಿಗೂ ಆಗ್ಲಿಲ್ವಾ?" ಆಗ್ಲಿಲ್ಲಮ್ಮ ಅಂದೆ. ಟಿವಿಲಿ ಜಾಹೀರಾತು ಬಂತು. ಅಮ್ಮ ತನ್ನ ಎಡಗೈ ಮಣಿಕಟ್ಟನ್ನ ಬಲಗೈಲಿ ಸುತ್ತ ಹಿಡ್ಕೊಂಡು, ನಾನು ಕೇಳ್ದೇನೇ ಶುರು ಮಾಡಿದ್ಲು.

ಬಳೆ ಮುಳಬಾಗಿಲಲ್ಲಿ ಮಾಡಿಸಿದ್ದಂತೆ. ನಮ್ಮಜ್ಜಿ ತನ್ನ ಡಾಬು ಮಾರಿ, ಒಂದು ಹಸು ಮಾರಿ, ಆಚಾರಿ ಮನೆ ಜಗುಲಿ ಮೇಲೆ ಬೆಳಗ್ಗಿಂದ ಸಂಜೆ ತನಕ ಕೂತು ಕಣ್ಣೆದುರಿಗೇ ಮಾಡಿಸಿದ್ದು, ಎಲ್ಲಿ ತಾಮ್ರ ಬೆರೆಸ್ಬಿಡ್ತಾನೋ ಅಂತ. ಹೂವು ಕೆತ್ತಿದ್ದು ಮಲ್ಲಿಗೆ ಅಂತ ಆಚಾರಿ ಹೇಳಿದ್ದು, ಅಜ್ಜಿಗೆ ಅದು ತುಂಬೆ ಹೂವಿನ ಥರ ಕಂಡು ಜಗಳ ಆಗಿತ್ತಂತೆ. ಎಡಗೈದ್ರಲ್ಲಿ ಒಂದು ತಗ್ಗಿತ್ತು, ಅದು ನಾನು ಹುಟ್ಟೋಕೆ ಹದಿನೈದು ದಿನ ಮುಂಚೆ ಬೋರ್‌ವೆಲ್ ಹ್ಯಾಂಡಲ್ ತಗುಲಿ ಆಗಿದ್ದು. ಎರಡೂ ಸೇರಿ 32 ಗ್ರಾಂ, ಕಲ್ಲಿಲ್ಲ, ಅರಗಿಲ್ಲ. ಇಷ್ಟು ವರ್ಷದಲ್ಲಿ ಇದ್ಯಾವುದನ್ನೂ ನಾನು ಕೇಳಿರ್ಲಿಲ್ಲ.

ಹೇಳಿ ಮುಗ್ಸಿ ಅಮ್ಮ ಟಿವಿ ಕಡೆ ಕೈ ತೋರಿಸಿ, "ಅವ್ನಾಗಿದ್ರೆ ಎಷ್ಟು ಕೊಡ್ತಿದ್ದ?" ಅಂದ್ಲು.

"ಮೊದ್ಲು ಅವ್ನು ಕೇಳ್ತಾನಲ್ಲಮ್ಮ" ಅಂದೆ, "ಗಿರವಿ ಇಡ್ತೀರಾ, ಮಾರ್ತೀರಾ?"

"ಗಿರವಿ" ಅಂದ್ಲು. "ಬೆಳೆ ಬಂದ ತಕ್ಷಣ ಬಿಡಿಸ್ಕೋತೀನಿ."